ಓದುಗರ ಪ್ರಶ್ನೆ: ಜಾಬ್ ಕಾರ್ಡ್‌ನಲ್ಲಿ ಏನು ಬರೆಸಿದ್ದೀರಿ?

ಪ್ರಶ್ನೆ: ಪೆಟ್ರೋಲ್ ಕಾರು ಕೊಂಡು ಒಂದು ವರ್ಷವಾಯಿತು. 10,000 ಕಿ.ಮೀ.ಗೆ ಮೂರನೇ ಫ್ರೀ ಸರ್ವೀಸ್ ಎಂದು ಹುಬ್ಬಳ್ಳಿಯ ಶೋರೂಮಿಗೆ ಗಾಡಿ ಬಿಟ್ಟಿದ್ದೆ. ಸಂಜೆ 8,400 ರೂಪಾಯಿ ಬಿಲ್ ಕೈಗಿಟ್ಟರು. ಬಿಲ್ಲಿನ ಪ್ರತಿ ಕಳಿಸಿದ್ದೇನೆ. ಇದು ಸರಿಯೇ?
– ಓದುಗರು, ಬೆಟಗೇರಿ

ಉತ್ತರ: ಫ್ರೀ ಸರ್ವೀಸ್‌ನಲ್ಲಿ ಸಾಮಾನ್ಯವಾಗಿ ಕೂಲಿ ಮಾತ್ರ ಬಿಟ್ಟಿ. ಎಂಜಿನ್ ಆಯಿಲ್, ಆಯಿಲ್ ಫಿಲ್ಟರ್, ಡ್ರೇನ್ ಪ್ಲಗ್ ವಾಷರ್‌ಗೆ ದುಡ್ಡು ಕೊಡಲೇಬೇಕು. ಆದರೆ ನಿಮ್ಮ ಬಿಲ್ಲಿನಲ್ಲಿ ಇವುಗಳ ಪಾಲು ಅರ್ಧಕ್ಕಿಂತ ಕಡಿಮೆ. ಉಳಿದದ್ದೆಲ್ಲ ಎಂಜಿನ್ ಫ್ಲಶ್ (ಎಂಜಿನ್ ಒಳಭಾಗವನ್ನು ದ್ರಾವಣದಿಂದ ತೊಳೆಯುವುದು), ಥ್ರಾಟಲ್ ಬಾಡಿ (ಎಂಜಿನ್‌ಗೆ ಹೋಗುವ ಗಾಳಿಯನ್ನು ನಿಯಂತ್ರಿಸುವ ಭಾಗ) ಕ್ಲೀನಿಂಗ್, ಎ.ಸಿ. ಸ್ಪ್ರೇ ಮತ್ತು ಪಾಲಿಶ್. ಹತ್ತು ಸಾವಿರ ಓಡಿದ ಎಂಜಿನ್‌ಗೆ ಫ್ಲಶ್ ಬೇಕಿಲ್ಲ. ಗಾಡಿ ನಿಂತಲ್ಲಿ ಎಂಜಿನ್ ವೇಗ ತಾನಾಗಿ ಏರಿಳಿದರೆ ಮಾತ್ರ ಥ್ರಾಟಲ್ ಬಾಡಿ ಬಿಚ್ಚಿದರೆ ಸಾಕು. ಇಂಥ ಬಾಬತ್ತುಗಳಿಗೆ ಸರ್ವೀಸ್ ಅಡ್ವೈಸರ್‌ಗಳ ಮೇಲೆ ತಿಂಗಳ ಟಾರ್ಗೆಟ್ ಇರುವುದು ಈ ವ್ಯವಹಾರದಲ್ಲಿ ಮಾಮೂಲು. ಗ್ರಾಹಕರ ಮೇಲಿನ ಕಾಳಜಿ ಕೆಟ್ಟಿರುವುದು ಇಲ್ಲಿಂದಲೇ.

ಮುಂದಿನ ಸಲ ಗಾಡಿ ಬಿಡುವ ಮುಂಚೆ ಕಾರಿನ ಜೊತೆ ಬಂದ ಪುಸ್ತಕದಲ್ಲಿ ಸರ್ವೀಸ್ ಪಟ್ಟಿ ತೆರೆದಿಟ್ಟುಕೊಳ್ಳಿ. ಅದರಲ್ಲಿ ಇಲ್ಲದ ಕೆಲಸವನ್ನು ‘ಫೋನ್ ಮಾಡಿ ಕೇಳದೆ ಮಾಡಬಾರದು’ ಎಂದು ಜಾಬ್ ಕಾರ್ಡ್‌ನಲ್ಲೇ (ಗಾಡಿ ಬಿಡುವಾಗ ದೂರು, ಕೆಲಸ ಬರೆದುಕೊಳ್ಳುವ ಚೀಟಿ) ಬರೆಸಿ, ಅಂದಾಜು ಮೊತ್ತ ಹಾಕಿಸಿ, ಆಮೇಲೆ ಸಹಿ ಮಾಡಿ. ಬಿಚ್ಚಿದ ಹಳೇ ಭಾಗಗಳು ವಾಪಸ್ ಬೇಕೆಂದೂ ಆಗಲೇ ಹೇಳಿ. ಸಂಜೆ ಕೇಳಿದರೆ ಗುಜರಿಗೆ ಹೋಗಿರುತ್ತವೆ. ಎಷ್ಟು ಲೀಟರ್ ಆಯಿಲ್ ಎಂದು ಪುಸ್ತಕದಲ್ಲಿದೆ, ಬಿಲ್ಲಿನ ಲೆಕ್ಕಕ್ಕೆ ಹೋಲಿಸಿ. ಗಾಡಿಯನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಎಂಜಿನ್ ಆರಿಸಿ ಹತ್ತು ನಿಮಿಷ ಬಿಟ್ಟು ಡಿಪ್‌ಸ್ಟಿಕ್ ಒರೆಸಿ ಅದ್ದಿ ನೋಡಿ. ಆಯಿಲ್ ಎರಡು ಗುರುತುಗಳ ನಡುವೆ ಇರಬೇಕು. ಮೇಲಿನ ಗುರುತು ದಾಟಿದರೂ ಕೇಡೇ: ಎಂಜಿನ್ ಒಳಗೆ ತಿರುಗುವ ಕ್ರ್ಯಾಂಕ್ ಬಡಿದು ಆಯಿಲ್ ನೊರೆಯಾಗುತ್ತದೆ.

ಏರ್ ಫಿಲ್ಟರ್ ವಿಷಯದಲ್ಲಿ ಮಾತ್ರ ಜಿಪುಣತನ ಬೇಡ. ನರಗುಂದ ಕಡೆಯ ಎರೆಹೊಲದ ದಾರಿಯಲ್ಲಿ ಓಡಾಡುವ ಗಾಡಿಗೆ ಪುಸ್ತಕ ಹೇಳಿದ್ದಕ್ಕಿಂತ ಮೊದಲೇ ಅದನ್ನು ಬದಲಿಸಬೇಕಾಗಬಹುದು. ತೆಗೆಸಿ, ಬೆಳಕಿಗೆ ಹಿಡಿದು ನೋಡಿ.

ಪ್ರಶ್ನೆ: ಸ್ಟೇರಿಂಗ್ ಪೂರ್ತಿ ಎಡಕ್ಕೆ ತಿರುಗಿಸಿದರೆ ಮುಂದಿನ ಗಾಲಿಯಲ್ಲಿ ಟಕ್ ಟಕ್ ಎನ್ನುತ್ತದೆ. ಮೂರು ಸಲ ಒಯ್ದೆ, ‘ಶಬ್ದವೇ ಇಲ್ಲ’ ಎಂದು ತೊಳೆದು ಕೊಟ್ಟರು. ವಾರಂಟಿ ಮುಗಿಯಲು ಎರಡೇ ತಿಂಗಳು.
– ಓದುಗರು, ಹಾವೇರಿ

ಉತ್ತರ: ಗಾಲಿ ತಿರುಗುವ ವೇಗಕ್ಕೆ ತಕ್ಕಂತೆ ಟಕ್ ಟಕ್ ಹೆಚ್ಚು ಕಡಿಮೆಯಾದರೆ ಡ್ರೈವ್ ಶಾಫ್ಟಿನ (ಗಾಲಿಗೆ ಶಕ್ತಿ ಒಯ್ಯುವ ಸರಳು) ಹೊರತುದಿಯಲ್ಲಿ ಗಾಲಿಯ ಬಳಿ ಇರುವ ಸಿ.ವಿ. ಜಾಯಿಂಟ್ ಎಂಬ ಕೀಲಿನ ಮೇಲೆ ಅನುಮಾನ. ಎಡಕ್ಕೆ ತಿರುಗಿದಾಗ ಭಾರ ಬಲಗಾಲಿಯ ಮೇಲೆ ಬೀಳುವುದರಿಂದ ಮೊದಲು ಬಲಗಡೆಯದನ್ನು ನೋಡಿಸಿ. ಜಾಯಿಂಟಿನ ರಬ್ಬರ್ ಬೂಟ್ ಹರಿದು ಗ್ರೀಸ್ ಹೊರಗೆ ಬಂದು ಧೂಳು ಒಳಗೆ ಹೋಗುವುದೇ ಸಾಮಾನ್ಯ ಕಾರಣ. ಗಾಲಿಯ ಒಳಬದಿಗೆ ಗ್ರೀಸ್ ಸಿಡಿದಿರುತ್ತದೆ. ಕಂಡರೆ ಇವತ್ತೇ ಫೋಟೋ ತೆಗೆದಿಡಿ. ಕಲ್ಲು ಬಡಿದು ಹರಿದಿದೆ ಎಂದು ವಾರಂಟಿ ನಿರಾಕರಿಸುವುದುಂಟು. ಶಬ್ದ ಹಂಪ್ ಇಳಿಯುವಾಗ ಮಾತ್ರ ಬಂದರೆ ಅದು ಬೇರೆ, ಸಸ್ಪೆನ್ಷನ್ನಿನ ಸ್ಟೆಬಿಲೈಸರ್ ಲಿಂಕ್ ಅಥವಾ ಬುಷ್ ಇರಬಹುದು.

ನಿಮ್ಮ ಮೂರೂ ಜಾಬ್ ಕಾರ್ಡ್‌ಗಳಲ್ಲಿ ‘ಜನರಲ್ ಚೆಕಪ್’ ಎಂದಷ್ಟೇ ಇದೆಯೋ ನೋಡಿ. ಹಾಗಿದ್ದರೆ ದಾಖಲೆಯಲ್ಲಿ ನೀವು ದೂರು ಕೊಟ್ಟೇ ಇಲ್ಲ. ಈ ಸಲ ಮೆಕ್ಯಾನಿಕ್‌ನನ್ನೇ ಪಕ್ಕಕ್ಕೆ ಕೂಡಿಸಿಕೊಂಡು ಬಯಲಲ್ಲಿ ನಿಧಾನವಾಗಿ ಸುತ್ತು ಹಾಕಿ ಶಬ್ದ ಕೇಳಿಸಿ. ಆಮೇಲೆ ‘ಪೂರ್ತಿ ಎಡಕ್ಕೆ ತಿರುಗಿಸಿದಾಗ ಟಕ್ ಟಕ್, ನಾಲ್ಕನೇ ಸಲದ ದೂರು’ ಎಂದು ಬರೆಸಿ. ಅದರ ಪ್ರತಿಯನ್ನು ವಾರಂಟಿ ಮುಗಿಯುವ ಮುಂಚೆಯೇ ಕಾರು ಕಂಪನಿಗೆ ಇಮೇಲ್ ಮಾಡಿ. ವಾರಂಟಿ ಕೊಟ್ಟಿರುವುದು ಕಂಪನಿ. ಹಾಗಾಗಿ ಕೊಂಡ ಶೋರೂಮಿಗೇ ಹೋಗಬೇಕೆಂದಿಲ್ಲ. ಅದೇ ಕಂಪನಿಯ ಬೇರೆ ಅಧಿಕೃತ ವರ್ಕ್‌ಶಾಪ್ ಹುಬ್ಬಳ್ಳಿಯಲ್ಲೋ ದಾವಣಗೆರೆಯಲ್ಲೋ ಇದ್ದರೆ ಅಲ್ಲಿಯೂ ತೋರಿಸಬಹುದು.

ಅಷ್ಟಕ್ಕೂ ಜಗ್ಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಮುಂದಿನ ಮೆಟ್ಟಿಲು ಜಿಲ್ಲಾ ಗ್ರಾಹಕ ಆಯೋಗ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ಶೋರೂಮ್ ಹುಬ್ಬಳ್ಳಿಯಲ್ಲಿದ್ದರೂ ನೀವು ಹಾವೇರಿಯಲ್ಲೇ ದೂರು ಹಾಕಬಹುದು. ತೊಂದರೆ ಹುಟ್ಟಿದ ಎರಡು ವರ್ಷದೊಳಗೆ ಹಾಕಬೇಕು. ಕಾರಿಗೆ ಕೊಟ್ಟ ಬೆಲೆ 5 ಲಕ್ಷದವರೆಗಿದ್ದರೆ ಶುಲ್ಕವಿಲ್ಲ, 10 ಲಕ್ಷದವರೆಗೆ 200, 20 ಲಕ್ಷದವರೆಗೆ 400 ರೂಪಾಯಿ.

ಪ್ರಶ್ನೆ: ಇನ್ಶೂರೆನ್ಸ್ ನಮ್ಮಲ್ಲೇ ಮಾಡಿಸದಿದ್ದರೆ ಹೊಸ ಕಾರಿನ ಡೆಲಿವರಿ ತಡವಾಗುತ್ತದೆ ಎಂದು ಶೋರೂಮಿನವರು ಹೇಳುತ್ತಾರೆ.
– ಓದುಗರು, ಧಾರವಾಡ

ಉತ್ತರ: ಹಾಗೆ ಒತ್ತಾಯಿಸುವಂತಿಲ್ಲ, ಆ ಮಾತನ್ನು ಬರೆದುಕೊಡಿ ಎಂದು ಕೇಳಿ. ಹೊಸ ಕಾರಿಗೆ ಮೂರು ವರ್ಷದ ಥರ್ಡ್ ಪಾರ್ಟಿ ವಿಮೆ ಕಡ್ಡಾಯ, ಸ್ವಂತ ಹಾನಿಯ ವಿಮೆ ಒಂದು ವರ್ಷದ್ದು ಸಾಕು. ಹೊರಗೆ ದರ ಕೇಳುವಾಗ ಐ.ಡಿ.ವಿ. (ವಿಮೆಯಲ್ಲಿ ಕಾರಿಗೆ ಕಟ್ಟಿದ ಬೆಲೆ) ಮತ್ತು ಝೀರೋ ಡೆಪ್ರಿಸಿಯೇಷನ್ (ಭಾಗಗಳ ಸವಕಳಿ ಕಳೆಯದೆ ಪರಿಹಾರ ಕೊಡುವ ಸೌಲಭ್ಯ) ಎರಡೂ ಒಂದೇ ಇಟ್ಟು ಹೋಲಿಸಿ. ಹಾಗೆಯೇ, ಪೂರ್ತಿ ಹಣ ಕಟ್ಟುವ ಮೊದಲು ಗಾಡಿಯನ್ನು ಕಣ್ಣಾರೆ ನೋಡಿ ಚಾಸಿ ನಂಬರ್ ಬರೆದುಕೊಳ್ಳಿ. ಟೈರು ಹಳೆಯದೋ ಎಂದೂ ನೋಡಿ: ಅದರ ಪಕ್ಕದಲ್ಲಿ 2325 ಎಂದಿದ್ದರೆ ಅದು 2025ರ 23ನೇ ವಾರದ ಟೈರು.