ಪ್ರತಿಕ್ರಿಯೆ: ನಿಮಿಷಕ್ಕೊಮ್ಮೆ ‘ಹೂ’ (who) ಓಡಿಸಿದರೂ ಕೆಲವರ ಲಾಗಿನ್ ದಾಖಲಾಗುತ್ತಿಲ್ಲ
ನಿಮ್ಮ ಲಿನಕ್ಸ್ ಯಂತ್ರಕ್ಕೆ ಯಾರು ಲಾಗಿನ್ ಆಗುತ್ತಾರೆಂದು ದಾಖಲಿಸಲು ಹೊರಟರೆ ಕೆಲವರು ತಪ್ಪಿಹೋಗುತ್ತಾರೆ ಎಂದು ಕೇಳಿದ್ದೀರಿ. ಕ್ರಾನ್‌ನಿಂದ (ನಿಗದಿತ ಸಮಯಕ್ಕೆ ಕೆಲಸ ಓಡಿಸುವ ಪ್ರೋಗ್ರಾಂ) ನಿಮಿಷಕ್ಕೊಮ್ಮೆ ‘ಹೂ’ ಕಮಾಂಡ್ (ಆ ಕ್ಷಣ ಲಾಗಿನ್ ಆಗಿರುವವರನ್ನು ತೋರಿಸುವುದು) ಓಡಿಸುತ್ತಿರುವುದೇ ತೊಂದರೆ. ನಡುವೆ ಬಂದು ಹೋದವರು ಅದಕ್ಕೆ ಕಾಣುವುದೇ ಇಲ್ಲ. ಜೊತೆಗೆ, ಟರ್ಮಿನಲ್ ತೆರೆಯದೆ ಎಸ್‌ಎಫ್‌ಟಿಪಿಯಲ್ಲಿ (ದೂರದಿಂದ ಫೈಲ್ ಸಾಗಿಸುವ ವಿಧಾನ) ಫೈಲ್ ಎಳೆದುಕೊಂಡವರ ಹೆಸರು ಸಾಮಾನ್ಯವಾಗಿ ‘ಹೂ’ ಓದುವ ಯುಟಿಎಂಪಿ ದಾಖಲೆಯಲ್ಲಿ (ಈಗ ಲಾಗಿನ್ ಆಗಿರುವವರ ಪಟ್ಟಿ) ಬೀಳುವುದಿಲ್ಲ.

ಇಣುಕಿ ನೋಡುವುದನ್ನು ಬಿಡಿ, ಯಾರಾದರೂ ಒಳಗೆ ಬಂದಾಗ ಸಿಸ್ಟಮ್ಮೇ ನಿಮಗೆ ತಿಳಿಸಲಿ. ಲಿನಕ್ಸ್‌ನಲ್ಲಿ ಲಾಗಿನ್ ನೋಡಿಕೊಳ್ಳುವ ವ್ಯವಸ್ಥೆ ಪ್ಯಾಮ್. ನಾವು ಹೇಳಿದ ಸ್ಕ್ರಿಪ್ಟ್ ಓಡಿಸುವ ಅದರ ‘ಪ್ಯಾಮ್ ಎಕ್ಸೆಕ್’ ಮಾಡ್ಯೂಲ್ ಇರುವುದೇ ಇಂಥದಕ್ಕೆ. ಮೊದಲು ಲಾಗ್ ಬರೆಯುವ ಚಿಕ್ಕ ಸ್ಕ್ರಿಪ್ಟ್ ಮಾಡಿ. ಯೂಸರ್ ಹೆಸರು, ಎಲ್ಲಿಂದ ಬಂದರು, ಸೆಷನ್ ತೆರೆಯಿತೋ ಮುಚ್ಚಿತೋ, ಮೂರೂ ಎನ್ವಿರಾನ್‌ಮೆಂಟ್ ವೇರಿಯಬಲ್‌ಗಳಾಗಿ (ಹೆಸರಿಟ್ಟು ಒದಗಿಸುವ ಮೌಲ್ಯಗಳು) ಅದಕ್ಕೆ ಸಿಗುತ್ತವೆ. ಸ್ಕ್ರಿಪ್ಟ್ ರೂಟ್ (ಎಲ್ಲ ಅಧಿಕಾರವಿರುವ ಖಾತೆ) ಹೆಸರಲ್ಲಿರಲಿ, ಬೇರೆಯವರು ತಿದ್ದುವಂತಿರಬಾರದು. ಆಮೇಲೆ ಎಸ್‌ಎಸ್‌ಎಚ್‌ಡಿಯ (ದೂರದಿಂದ ಬರುವ ಲಾಗಿನ್‌ಗಳನ್ನು ಸ್ವೀಕರಿಸುವ ಪ್ರೋಗ್ರಾಂ) ಪ್ಯಾಮ್ ಫೈಲ್‌ನ ಕೊನೆಗೆ ಆ ಮಾಡ್ಯೂಲ್ ಕರೆಯುವ ‘ಸೆಷನ್’ ಸಾಲು ಸೇರಿಸಿ.

ಆ ಸಾಲಿನಲ್ಲಿ ‘ರಿಕ್ವೈರ್ಡ್’ (ಯಶಸ್ವಿಯಾಗಲೇಬೇಕು) ಬೇಡ, ‘ಆಪ್ಷನಲ್’ (ಆಗದಿದ್ದರೂ ಸರಿ) ಹಾಕಿ. ಇಲ್ಲದಿದ್ದರೆ ಸ್ಕ್ರಿಪ್ಟ್ ಎಡವಿದ ದಿನ ಯಾರೂ ಒಳಗೆ ಬರುವಂತಿಲ್ಲ. (ನಾನೇ ಹಾಗೆ ಹೊರಗೆ ನಿಂತಿದ್ದೇನೆ.) ಒಂದು ರೂಟ್ ಸೆಷನ್ ತೆರೆದಿಟ್ಟುಕೊಂಡೇ ತಿದ್ದಿ, ಇನ್ನೊಂದು ವಿಂಡೋದಿಂದ ಲಾಗಿನ್ ಆಗಿ ನೋಡಿ. ಲಾಗ್‌ನಲ್ಲಿ ಏನೂ ಬರದಿದ್ದರೆ ಎಸ್‌ಎಸ್‌ಎಚ್‌ಡಿ ಕಾನ್ಫಿಗ್‌ನಲ್ಲಿ ‘ಯೂಸ್‌ಪ್ಯಾಮ್’ ‘ಯೆಸ್’ ಆಗಿದೆಯೇ ನೋಡಿಕೊಳ್ಳಿ.

ಕನ್ಸೋಲ್‌ನಲ್ಲಿ (ಯಂತ್ರದ ಮುಂದೆಯೇ) ಕೂತವರೂ ಬೇಕಿದ್ದರೆ ಅದೇ ಸಾಲು ‘ಲಾಗಿನ್’ ಫೈಲ್‌ಗೂ ಹೋಗಬೇಕು. ಡೆಸ್ಕ್‌ಟಾಪ್ ಲಾಗಿನ್‌ಗೆ ಫೈಲ್ ಬೇರೆ. ನಿಮ್ಮ ಡಿಸ್ಟ್ರೋ (ಲಿನಕ್ಸ್‌ನ ಬಗೆ) ಯಾವುದೆಂದು ಬರೆದಿಲ್ಲ, ಹಾಗಾಗಿ ಆ ಹೆಸರನ್ನು ಪ್ಯಾಮ್ ಫೋಲ್ಡರ್‌ನಲ್ಲೇ ಹುಡುಕಿ.