ರಾಮ್ಸರ್ ಪಟ್ಟ ಸಿಕ್ಕ ಮೇಲೆ ಅಘನಾಶಿನಿಗೆ ಇನ್ನೇನು ಭಯ?

ಪ್ರಶ್ನೆ: ಅಘನಾಶಿನಿ ನದಿ ಸಮುದ್ರ ಸೇರುವ ಅಳಿವೆ ರಾಮ್ಸರ್ ಪಟ್ಟಿಗೆ ಸೇರಿದೆಯಲ್ಲ, ಇನ್ನು ಅದರ ದಡದ ತದಡಿಯಲ್ಲಿ ಬಂದರು, ಕಾರ್ಖಾನೆ ಅಂತ ಯಾರೂ ಕೈ ಹಾಕೋ ಹಾಗಿಲ್ಲ ಅಲ್ವಾ?
– ಓದುಗರು, ಕುಮಟಾ

ಉತ್ತರ: ಹಾಗಂತ ನಿಶ್ಚಿಂತೆಯಾಗಿ ಕೂರಬೇಡಿ. 2024ರ ಜನವರಿಯಲ್ಲಿ ಅಳಿವೆಯ 4801 ಹೆಕ್ಟೇರ್ ರಾಮ್ಸರ್ ಪಟ್ಟಿಗೆ, ಅಂದರೆ ಜಾಗತಿಕ ಮಹತ್ವದ ಜೌಗು ಪ್ರದೇಶಗಳ ಪಟ್ಟಿಗೆ ಸೇರಿದ್ದು ನಿಜ. ಆದರೆ ತಡೆಯೋ ಕೆಲಸ ನಮ್ಮ ಕಾಯ್ದೆಗಳೇ ಮಾಡಬೇಕು. ಜೌಗು ಪ್ರದೇಶಗಳ 2017ರ ನಿಯಮಗಳು ಹೊಸ ಕೈಗಾರಿಕೆ ಬೇಡ ಅಂತಲೇ ಹೇಳುತ್ತವೆ. ಅದೇ ನಿಯಮಗಳಲ್ಲಿ ಇನ್ನೊಂದು ಸಾಲಿದೆ: ಕರಾವಳಿ ನಿಯಂತ್ರಣ ವಲಯ, ಅಂದರೆ ಸಿಆರ್‌ಝೆಡ್‌ಗೆ ಬರುವ ಜಾಗಕ್ಕೆ ಇವು ಅನ್ವಯಿಸಲ್ಲ! ಉಬ್ಬರದ ನೀರು ಹತ್ತುವ ಅಳಿವೆ ಬರೋದೇ ಅದರಡಿ. ಸಿಆರ್‌ಝೆಡ್ ಕಾಂಡ್ಲಾ (ಮ್ಯಾಂಗ್ರೋವ್) ಕಾಡನ್ನೇನೋ ಕಾಯುತ್ತದೆ, ಆದರೆ ಬಂದರಿಗೆ ಬಾಗಿಲು ಪೂರ್ತಿ ಹಾಕಿಲ್ಲ, ಅನುಮತಿ ತಗೊಂಡು ಬನ್ನಿ ಅನ್ನುತ್ತದೆ ಅಷ್ಟೇ.

ಬಂದರು ಬಂದರೆ ಏನಾಗುತ್ತೆ ಅಂತ ಕೇಳೋರಿಗೆ, ಇಳಿತದ ಹೊತ್ತಿಗೆ ಅಳಿವೆಗೆ ಹೋಗಿ ನೋಡಿ ಅನ್ನಬೇಕು. ಹೆಂಗಸರು, ಗಂಡಸರು ನೀರಿಗಿಳಿದು ಕೆಸರಲ್ಲಿ ಕೈಯಾಡಿಸಿ ಬಳಚು, ಅಂದರೆ ತಿನ್ನುವ ಚಿಪ್ಪುಜೀವಿ, ಹೆಕ್ಕುತ್ತಿರುತ್ತಾರೆ, ಪಕ್ಕದಲ್ಲೇ ಬುಟ್ಟಿ ತೇಲುತ್ತಿರುತ್ತದೆ. ಆ ಬಳಚಿಗೆ ತೆಳು ನೀರು, ಹದವಾದ ಉಪ್ಪು, ಅಲುಗದ ಕೆಸರು ಮೂರೂ ಬೇಕು. ದೊಡ್ಡ ಹಡಗಿಗೆ ಬೇಕಾಗಿದ್ದು ಆಳ. ತಳ ಅಗೆದರೆ ಬಳಚಿನ ಮನೆಯೇ ಹೋಯ್ತು, ಎದ್ದ ಹೂಳು ಉಳಿದದ್ದರ ಮೇಲೆ ಕೂರುತ್ತದೆ, ಆಳವಾದ ದಾರಿಯಲ್ಲಿ ಉಪ್ಪು ನೀರು ಇನ್ನಷ್ಟು ಒಳಗೆ ನುಗ್ಗುತ್ತದೆ. ಗಜನಿಯ, ಅಂದರೆ ಅಳಿವೆ ಪಕ್ಕದ ತಗ್ಗು ಗದ್ದೆಗಳ, ಕಗ್ಗ ಭತ್ತ ಉಪ್ಪು ತಡೆಯುತ್ತದೆ, ನಿಜ, ಆದರೆ ಅದಕ್ಕೂ ಮಳೆಗಾಲದಲ್ಲಿ ಸಿಹಿನೀರು ಸಿಗಲೇಬೇಕು. ಇದೆಲ್ಲ ಬರೀ ಹಕ್ಕಿ ನೋಡೋರ ಚಿಂತೆ ಅನ್ನೋರ ಮಾತು ಕೇಳಿದರೆ ನನಗೆ ಸಿಟ್ಟೇ ಬರುತ್ತೆ.

ತದಡಿಗೆ ಹಿಂದೆ 4000 ಮೆಗಾವ್ಯಾಟ್ ಉಷ್ಣ ವಿದ್ಯುತ್ ಸ್ಥಾವರವೂ ಬರುವುದರಲ್ಲಿತ್ತು. ಆಗ ರಾಮ್ಸರ್ ಪಟ್ಟ ಇರಲಿಲ್ಲ, ಎದ್ದು ನಿಂತದ್ದು ಊರಿನ ಜನ, ಯೋಜನೆ ಬಿದ್ದುಹೋಯ್ತು.

ಪ್ರಶ್ನೆ: ಹಾಗಾದರೆ ನಾವು ಮಾಡೋದೇನು?

ಉತ್ತರ: ದೊಡ್ಡ ಬಂದರಿಗೆ ಸಾರ್ವಜನಿಕ ಅಹವಾಲು ಸಭೆ ಆಗಬೇಕು, 30 ದಿನ ಮುಂಚೆ ನೋಟಿಸ್ ಬರಬೇಕು. ಪರಿಸರ ವರದಿಯ ಸಾರಾಂಶ ಕನ್ನಡದಲ್ಲೂ ಸಿಗಬೇಕು, ಕೇಳಿ ತಗೊಳ್ಳಿ. ಬಳಚು ಹೆಕ್ಕೋರ ಲೆಕ್ಕ ಅದರಲ್ಲಿ ಇದೆಯಾ ಅಂತ ಮೊದಲು ಹುಡುಕಿ. ಇಲ್ಲದಿದ್ದರೆ ಸುಮ್ನೆ ಕೂಗಾಡಿ ಬರಬೇಡಿ, ಬರೆದುಕೊಡಿ, ಸ್ವೀಕೃತಿ ಹಾಕಿಸಿಕೊಂಡೇ ಬನ್ನಿ.