ತಂತಿ ಎಳೆಯುವವರೇ ಬೇಕು

ಹಾವೇರಿಯಿಂದ ಓದುಗರೊಬ್ಬರು ಬರೆದಿದ್ದಾರೆ: "ಮಗಳು ಕಂಪ್ಯೂಟರ್ ಸೈನ್ಸ್ ಆರನೇ ಸೆಮಿಸ್ಟರ್‌ನಲ್ಲಿದ್ದಾಳೆ. ಸೈನ್ಯ ಸೇರಿ ಸೈಬರ್ ಸುರಕ್ಷತೆಯಲ್ಲಿ ಬೆಳೆಯುವ ಆಸೆ. ನೌಕಾಪಡೆಗೇ ಹೋಗಲಿ, ಭೂಸೇನೆಯ ಸಿಗ್ನಲ್ಸ್ (ಸಂಪರ್ಕ ದಳ) ಅಂದರೆ ತಂತಿ ಎಳೆಯೋ ಕೆಲಸ ಅಂತ ಕಾಲೇಜಿನಲ್ಲಿ ಹೇಳುತ್ತಾರೆ. ತಮ್ಮ ಸಲಹೆ ಬೇಕು."

ಮಾನ್ಯರೇ, ನೌಕಾಪಡೆಯ ಮಾತು ಸರಿಯೇ. ಅಲ್ಲಿ ಐಟಿಗೆಂದೇ ಶಾರ್ಟ್ ಸರ್ವಿಸ್ (ಸೀಮಿತ ವರ್ಷಗಳ ಅಧಿಕಾರಿ ಸೇವೆ) ನೇಮಕವಿದೆ. ಪದವಿಯ ಅಂಕ ನೋಡಿ ಎಸ್‌ಎಸ್‌ಬಿಗೆ (ಸೇನಾಧಿಕಾರಿಗಳ ಆಯ್ಕೆ ಮಂಡಳಿಯ ಸಂದರ್ಶನಕ್ಕೆ) ಕರೆಯುತ್ತಾರೆ, ತರಬೇತಿ ಕೇರಳದ ಎಳಿಮಲದಲ್ಲಿ. ಹತ್ತನೇ ಅಥವಾ ಹನ್ನೆರಡನೇ ತರಗತಿಯ ಇಂಗ್ಲಿಷ್‌ನಲ್ಲಿ ಶೇ. 60 ಕೇಳುತ್ತಾರೆ, ಅಂಕಪಟ್ಟಿಯನ್ನು ಈಗಲೇ ತೆಗೆದು ನೋಡಿ. ವಾಯುಪಡೆಯಾದರೆ ಎಎಫ್‌ಕ್ಯಾಟ್ ಎಂಬ ಪ್ರವೇಶ ಪರೀಕ್ಷೆ ಬರೆದು ತಾಂತ್ರಿಕ ಶಾಖೆಗೆ ಹೋಗಬೇಕು. ಅವರ ತಾಂತ್ರಿಕ ಕಾಲೇಜು ನಮ್ಮ ಜಾಲಹಳ್ಳಿಯಲ್ಲೇ ಇದೆ.

ಆದರೆ 'ತಂತಿ ಎಳೆಯೋ ಕೆಲಸ' ಅನ್ನುವ ಮಾತನ್ನು ತಾವೂ ನಂಬಿದಿರಲ್ಲ, ಅದು ಬೇಸರ ತಂದಿತು.

2022ರ ಫೆಬ್ರವರಿ 24ರಂದು, ರಷ್ಯಾ ಉಕ್ರೇನಿನೊಳಗೆ ನುಗ್ಗಿದ ದಿನವೇ, ವಯಾಸ್ಯಾಟ್ ಕಂಪನಿಯ ಸಾವಿರಾರು ಉಪಗ್ರಹ ಮೋಡೆಮ್‌ಗಳು ಸತ್ತುಬಿದ್ದವು. ಜರ್ಮನಿಯಲ್ಲಿ ಸುಮಾರು 5,800 ಗಾಳಿಯಂತ್ರಗಳ ದೂರನಿಯಂತ್ರಣ ಕೈತಪ್ಪಿತು. ದಾಳಿಕೋರರಿಗೆ ಒಳಬರಲು ದಾರಿಯಾದದ್ದು ಸರಿಯಾಗಿ ಕಾನ್ಫಿಗರ್ ಮಾಡದ ಒಂದು ವಿಪಿಎನ್ (ದೂರದಿಂದ ಜಾಲಕ್ಕೆ ಸೇರುವ ಸುರಕ್ಷಿತ ಮಾರ್ಗ) ಸಾಧನ. ಅಲ್ಲಿಂದ ನಿರ್ವಹಣಾ ಜಾಲಕ್ಕೆ ಹೊಕ್ಕು, ಮೋಡೆಮ್‌ಗಳ ಫ್ಲ್ಯಾಶ್ ಮೆಮೊರಿಯನ್ನೇ ಅಳಿಸಿಹಾಕಿದರು. 2008ರಲ್ಲಿ ಅಮೆರಿಕ ಸೇನೆಯ ಗೋಪ್ಯ ಜಾಲಕ್ಕೆ ಕಂಪ್ಯೂಟರ್ ಕ್ರಿಮಿ (ತಾನೇ ಹರಡುವ ಹಾನಿಕಾರಕ ತಂತ್ರಾಂಶ) ಹೊಕ್ಕಿದ್ದು ಒಂದು ಪೆನ್‌ಡ್ರೈವ್‌ನಿಂದ. ಅಮೆರಿಕದ ಸೈಬರ್ ಕಮಾಂಡ್ ಹುಟ್ಟಲು ಆ ಘಟನೆಯೇ ದೊಡ್ಡ ಕಾರಣ. ಎರಡು ಕಡೆಯೂ ಸೋತದ್ದು ಜಾಲದ ದಿನನಿತ್ಯದ ಶಿಸ್ತು: ಯಾವ ಪೋರ್ಟ್ (ಜಾಲದ ಪ್ರವೇಶದ್ವಾರ) ತೆರೆದಿದೆ, ಯಾವ ಸಾಧನ ಯಾವುದಕ್ಕೆ ಸೇರಿದೆ, ಹೊರಗಿನ ಡ್ರೈವ್ ಚುಚ್ಚಿದವರು ಯಾರು. ಇದನ್ನು ಬಲ್ಲವರು ತಂತಿ ಎಳೆದವರೇ. 1911ರಲ್ಲಿ ಹುಟ್ಟಿದ ಸಿಗ್ನಲ್ಸ್ ದಳ ತಂತಿ, ರೇಡಿಯೊ, ಉಪಗ್ರಹ ಎಲ್ಲವನ್ನೂ ಒಂದೇ ಕೈಯಲ್ಲಿ ಹಿಡಿದಿದೆ. ಮಧ್ಯಪ್ರದೇಶದ ಮಹೂವಿನಲ್ಲಿ ಅದರ ದೂರಸಂಪರ್ಕ ಎಂಜಿನಿಯರಿಂಗ್ ಕಾಲೇಜಿದೆ. ಸೈಬರ್ ಕಲಿಯಲು ನನ್ನ ಮೊದಲ ಆಯ್ಕೆ ಅದೇ.

ಒಂದು ತೊಡಕು ಹೇಳಲೇಬೇಕು. ಭೂಸೇನೆಯ ತಾಂತ್ರಿಕ ಶಾರ್ಟ್ ಸರ್ವಿಸ್‌ನಲ್ಲಿ (ವಯಸ್ಸು 20ರಿಂದ 27, ತರಬೇತಿ 49 ವಾರ) ಸಿಗ್ನಲ್ಸೇ ಸಿಗುತ್ತದೆಂಬ ಖಾತ್ರಿಯಿಲ್ಲ. ಮೆರಿಟ್, ಖಾಲಿ ಹುದ್ದೆ, ಅಭ್ಯರ್ಥಿಯ ಇಚ್ಛೆ ಮೂರನ್ನೂ ನೋಡಿ ಹಂಚುತ್ತಾರೆ. ಇಎಂಇ (ಯಂತ್ರೋಪಕರಣಗಳ ದುರಸ್ತಿ ನೋಡುವ ದಳ) ಅಥವಾ ಎಂಜಿನಿಯರ್ಸ್ ದಳವೂ ಸಿಗಬಹುದು. ಸಿಗ್ನಲ್ಸ್ ಸಿಕ್ಕರೂ ಮೊದಲ ವರ್ಷಗಳು ಜವಾನರನ್ನು ಮುನ್ನಡೆಸುವುದರಲ್ಲೇ ಹೋಗುತ್ತವೆ. ಎರಡು ಮೂರು ವರ್ಷಕ್ಕೊಮ್ಮೆ ವರ್ಗ. ಮೂರೂ ಪಡೆಗಳ ಜಂಟಿ ರಕ್ಷಣಾ ಸೈಬರ್ ಏಜೆನ್ಸಿಗೆ ಜನ ಹೋಗುವುದು ಈ ಪಡೆಗಳಿಂದಲೇ. ಆದ್ದರಿಂದ ಬಾಗಿಲು ಯಾವುದಾದರೂ ಕೈಯಲ್ಲಿ ವಿದ್ಯೆ ಇರಬೇಕು.

ಆ ವಿದ್ಯೆ ಮನೆಯಲ್ಲೇ ಶುರುವಾಗಲಿ. 16 ಜಿಬಿ ರ್‍ಯಾಮ್ ಇರುವ ಲ್ಯಾಪ್‌ಟಾಪ್‌ನಲ್ಲಿ ವರ್ಚುವಲ್‌ಬಾಕ್ಸ್ (ಒಂದೇ ಕಂಪ್ಯೂಟರಿನೊಳಗೆ ಹಲವು ಕಂಪ್ಯೂಟರ್ ನಡೆಸುವ ತಂತ್ರಾಂಶ) ಹಾಕಿ ಮೂರು ಯಂತ್ರ ನಿಲ್ಲಿಸಲಿ: ಒಂದು ಪಿಎಫ್‌ಸೆನ್ಸ್ ಫೈರ್‌ವಾಲ್ (ಜಾಲದ ಕಾವಲುಗಾರ), ಒಂದು ಲಿನಕ್ಸ್, ಒಂದು ವಿಂಡೋಸ್. ಮೂರರ ಗಡಿಯಾರಗಳನ್ನೂ ಎನ್‌ಟಿಪಿಯಿಂದ (ಜಾಲದ ಮೂಲಕ ಸಮಯ ಹೊಂದಿಸುವ ವ್ಯವಸ್ಥೆ) ಹೊಂದಿಸಲಿ. ಐದು ನಿಮಿಷ ಹೆಚ್ಚುಕಡಿಮೆಯಾದರೂ ಯಾವ ಘಟನೆ ಮೊದಲು, ಯಾವುದು ಆಮೇಲೆ ಎಂದು ಲಾಗ್‌ನಲ್ಲಿ (ಘಟನೆಗಳ ದಾಖಲೆಯಲ್ಲಿ) ಹೇಳಲಾಗುವುದಿಲ್ಲ. ಸಬ್‌ನೆಟ್ (ಜಾಲವನ್ನು ಸಣ್ಣ ಭಾಗಗಳಾಗಿ ಹಂಚುವ) ಲೆಕ್ಕ ಕಾಗದದ ಮೇಲೆ ಬರಬೇಕು. ಜಾಲದ ಸಂಚಾರ ತೋರಿಸುವ ವೈರ್‌ಶಾರ್ಕ್‌ನಲ್ಲಿ ಡಿಎನ್‌ಎಸ್ (ಜಾಲತಾಣದ ಹೆಸರಿನಿಂದ ವಿಳಾಸ ಹುಡುಕುವ) ಪ್ರಶ್ನೆಯೊಂದನ್ನು ಹಿಡಿದು ಉತ್ತರ ಬರುವವರೆಗೂ ಹಿಂಬಾಲಿಸಬೇಕು. ಬೇರೆಯವರ ಸರ್ವರ್ ಮೇಲೆ ಮಾತ್ರ ಕೈಹಾಕುವುದು ಬೇಡ: ಐಟಿ ಕಾಯ್ದೆಯ 66ನೇ ಕಲಮಿನಲ್ಲಿ ಮೂರು ವರ್ಷದವರೆಗೆ ಜೈಲಿದೆ. ಪೊಲೀಸ್ ವೆರಿಫಿಕೇಶನ್‌ನಲ್ಲಿ ಒಂದು ಎಫ್‌ಐಆರ್ ಕಂಡರೆ ಕನಸು ಅಲ್ಲಿಗೇ ನಿಲ್ಲಬಹುದು.

ಕಾಲೇಜುಗಳ ಮೇಲೆ ನನಗೆ ಸಿಟ್ಟಿದೆ. 'ಸೈಬರ್ ಸೆಕ್ಯುರಿಟಿ' ಅಂತ ಹೊಸ ಕೋರ್ಸ್ ತೆರೆದು, ಶುಲ್ಕ ಏರಿಸಿ, ಪ್ರಯೋಗವನ್ನೆಲ್ಲ ಸಿಮ್ಯುಲೇಟರ್‌ನಲ್ಲೇ ಮುಗಿಸುತ್ತಾರೆ. ಜಾಲದ ತಂತಿಯ ತುದಿಗೆ ಹಾಕುವ ಆರ್‌ಜೆ45 ಪ್ಲಗ್ಗಿನೊಳಗೆ ಎಂಟು ಎಳೆಗಳನ್ನು ಬಣ್ಣದ ಕ್ರಮದಲ್ಲಿ ಜೋಡಿಸಿ ಕ್ರಿಂಪ್ ಮಾಡದೆಯೇ (ಒತ್ತಿ ಬಿಗಿಸದೆಯೇ) ಮಕ್ಕಳು ಪದವಿ ಪಡೆಯುತ್ತಾರೆ. ಅಂಥ ಕಡೆ ಸಿಗ್ನಲ್ಸ್ ಬಗ್ಗೆ ಇನ್ನೆಂಥ ಮಾತು ಬಂದೀತು? ಮಗಳ ಕಾಲೇಜಿನಲ್ಲಿ ಸ್ವಿಚ್ಚು, ರೂಟರು ಬೀರುವಿನಿಂದ ಹೊರಗೆ ಬರುತ್ತವೆಯೇ ಎಂದು ವಿಚಾರಿಸಿ ಇನ್ನೊಂದು ಪತ್ರ ಬರೆಯಿರಿ. ಅದನ್ನೂ ಅಚ್ಚು ಹಾಕುತ್ತೇವೆ.

- ಸಂ.